ಹಿತ್ತಲ ಗೋಡೆಯ ಎತ್ತರ

ರಾತ್ರಿ ಹತ್ತೂವರೆಗೆ ಮುಂಬಾಗಿಲಿನ ಚಿಲಕಕ್ಕೆ ಹೊರಗಿನಿಂದ ಕೀಲಿ ಬೀಳುವ ಸಣ್ಣ ಸದ್ದು ಕೇಳಿದರೆ, ನನ್ನ ಗಂಡ ಹನುಮಂತರಾಯ ಚಿನ್ನದ ಗಣಿಗೆ ಹೊರಟರೆಂದು ಅರ್ಥ. ಬೆಳಿಗ್ಗೆ ಬಂದು ಬಾಗಿಲು ಬಡಿದರೆ ನನ್ನ ನಿದ್ದೆ ಕೆಡುತ್ತದೆಂದು, ಹಟ್ಟಿಯ ಈ ಕ್ವಾರ್ಟರ್ಸಿಗೆ ಬಂದ ವಾರದಿಂದ ಮಾಡಿಕೊಂಡ ಪದ್ಧತಿ. ಇರುವ ಒಂದೇ ಚಾವಿ ಅವರ ಕಿಸೆಯಲ್ಲಿರುತ್ತದೆ.

ಆ ರಾತ್ರಿ ನಾನು ಮಲಗಲಿಲ್ಲ. ಬಿ.ಎಡ್. ಸರ್ಟಿಫಿಕೇಟನ್ನು ಟ್ರಂಕಿನ ತಳದಿಂದ ತೆಗೆದು ಚೀಲಕ್ಕೆ ಹಾಕಿದೆ. ಮರುದಿನ ಹನ್ನೊಂದಕ್ಕೆ ಸಿಂಧನೂರಿನ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ಕೆಲಸಕ್ಕೆ ಸಂದರ್ಶನವಿತ್ತು. ಇವರಿಗೆ ಹೇಳಿರಲಿಲ್ಲ. ಕೆಲಸದ ಮಾತೆತ್ತಿದರೆ ಇವರು ಸಿಟ್ಟಾಗುವುದಿಲ್ಲ, ನಗುತ್ತಾರೆ. ನಿನಗೇನು ಕಡಿಮೆಯಾಗಿದೆ ಎನ್ನುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳೂವರೆಗೆ ಬಂದು, ಉಂಡು, ನಾಲ್ಕರವರೆಗೆ ಮಲಗುತ್ತಾರೆ. ಅಷ್ಟರಲ್ಲಿ ಹೋಗಿಬಂದರಾಯಿತು ಎಂದುಕೊಂಡಿದ್ದೆ.

ಏಳೂವರೆಗೆ ಬಂದದ್ದು ಅವರಲ್ಲ, ಅವರ ಫೋನು. ಬದಲಿಯವನು ಬಂದಿಲ್ಲ, ಮುಂದಿನ ಪಾಳಿಗೂ ತಾನೇ ಇಳಿಯಬೇಕು, ಮೂರೂವರೆಗೆ ಬರುತ್ತೇನೆ ಎಂದರು.

"ಚಾವಿ ಯಾರ ಕೈಯಾಗರ ಕಳಸ್ರೀ."

"ಯಾಕ? ನೀರು, ಗ್ಯಾಸು, ಟಿವಿ, ಎಲ್ಲಾ ಒಳಗ ಅದಾವಲ್ಲ. ನೀ ಎಲ್ಲಿಗಿ ಹೋಗೋದೈತಿ?"

ಎಲ್ಲಿಗೂ ಇಲ್ಲ ಎಂದೆ.

ಬೀಗ ಬಿದ್ದಿದೆಯೆಂದು ಗೊತ್ತಿದ್ದೂ ಎರಡು ಸಲ ಬಾಗಿಲೆಳೆದು ನೋಡಿದೆ. ಆಮೇಲೆ ಹಿತ್ತಲಿಗೆ ಹೋದೆ. ಅಲ್ಲಿನ ಗೋಡೆ ನನ್ನ ತಲೆಗಿಂತ ಒಂದು ಗೇಣು ಎತ್ತರ. ಮೂರು ವರ್ಷ ಅದರ ಪಕ್ಕದಲ್ಲೇ ಬಟ್ಟೆ ಒಣಹಾಕಿದ್ದೇನೆ. ದಾಟಬಹುದೇ ಎಂದು ಒಮ್ಮೆಯೂ ನೋಡಿರಲಿಲ್ಲ. ನೀರಿನ ಡ್ರಮ್ಮನ್ನು ಬೋರಲು ಹಾಕಿ ಹತ್ತಿದೆ. ಆಚೆ, ಹಿಂದಿನ ಮನೆಯ ಪೀರ್‌ಬೀ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ಮೊರ ಕೆಳಗಿಟ್ಟು ನನ್ನ ಇಸ್ತ್ರಿ ಸೀರೆಯನ್ನು ನೋಡಿದರು.

"ಕಳ್ಳರು ಒಳಗ ಇಳೀತಾರ. ನೀ ಹೊರಗ ಇಳಿಯಾಕತ್ತೀ, ಬೇಟಿ?"

"ಸಿಂಧನೂರಿಗಿ ಹೋಗಬೇಕ್ರೀ ಖಾಲಾ. ಮೂರರೊಳಗ ಬರ್ತೀನಿ."

ಅವರು ಸ್ಟೂಲು ತಂದು ಗೋಡೆಗೆ ಒತ್ತಿಟ್ಟರು. "ಇಲ್ಲೇ ಇರ್ತದ ಇದು. ಹತ್ತಾಕೂ ಬೇಕಲ್ಲ."

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿದೆ. ಮಸ್ಕಿಯಲ್ಲಿ ಅದರ ಟೈರು ಪಂಕ್ಚರಾಯಿತು. ಎದುರಿಗೆ ವಾಪಸು ಲಿಂಗಸುಗೂರಿಗೆ ಹೊರಟ ಬಸ್ಸು ನಿಂತಿತ್ತು, ಕಿಟಕಿಯ ಪಕ್ಕದ ಸೀಟು ಖಾಲಿ. ಅದರಲ್ಲಿ ಕುಳಿತರೆ ಹನ್ನೊಂದಕ್ಕೆಲ್ಲ ಮನೆಯೊಳಗಿರಬಹುದಿತ್ತು. ನಮ್ಮ ಬಸ್ಸಿನಿಂದ ಯಾವಾಗ ಇಳಿದೆನೋ, ಆ ಬಸ್ಸಿನ ಮೆಟ್ಟಿಲ ಬಳಿ ನಿಂತಿದ್ದೆ.

"ಎಲ್ಲಿಗ್ರೀ ಅಕ್ಕಾರ?" ಎಂದ ಕಂಡಕ್ಟರ್.

ಬೆಳಿಗ್ಗೆ ಇದೇ ಪ್ರಶ್ನೆಗೆ ಸುಳ್ಳು ಹೇಳಿದ್ದೆ. "ಸಿಂಧನೂರಿಗಿ," ಎಂದೆ.

"ಇದು ಆ ಕಡೀಗಿ ಹೋಗಂಗಿಲ್ಲ. ಹಿಂದ ಸರೀರಿ."

ಸರಿದೆ.

ಟೈರು ಬದಲಿಸಿಕೊಂಡು ನಮ್ಮ ಬಸ್ಸು ಹೊರಟು, ನಾನು ಶಾಲೆ ಮುಟ್ಟಿದಾಗ ಹನ್ನೊಂದೂಕಾಲು. ಹೆಡ್‌ಮಾಸ್ತರರು ಗಡಿಯಾರ ನೋಡಿ, ಸೀಮೆಸುಣ್ಣ ಕೊಟ್ಟು, ಎಂಟನೇ ತರಗತಿಗೆ ಹತ್ತು ನಿಮಿಷ ಪಾಠ ಮಾಡಿ ಎಂದರು. ಶುರು ಮಾಡಿದೆ. ಕೇಳಿಸುತ್ತಿಲ್ಲ ಟೀಚರ್ ಎಂದಳು ಹಿಂದಿನ ಬೆಂಚಿನ ಹುಡುಗಿ. ದನಿ ಏರಿಸಿದೆ. ಅದು ಹಿಂದಿನ ಗೋಡೆಗೆ ತಾಗಿ ತಿರುಗಿ ಬಂದಾಗ ಯಾರದೋ ಅನ್ನಿಸಿತು. ಇಳಿಸಲಿಲ್ಲ. ಪಾಠ ಮುಗಿದ ಮೇಲೆ ಹೆಡ್‌ಮಾಸ್ತರರು, ಶನಿವಾರ ಫೋನು ಮಾಡಿ ತಿಳಿಸುತ್ತೇವೆ ಎಂದರು.

ತಿರುಗಿ ಪೀರ್‌ಬೀ ಅವರ ಹಿತ್ತಲಿಗೆ ಬಂದಾಗ ಮೂರು ದಾಟಿತ್ತು. ಸ್ಟೂಲು ಇಟ್ಟಲ್ಲೇ ಇತ್ತು. ಇಳಿದದ್ದಕ್ಕಿಂತ ಒಳಗೆ ಬರುವುದೇ ಕಷ್ಟವಾಯಿತು. ಗೋಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಕೆಳಗೆ ಡ್ರಮ್ಮು, ನಿನ್ನೆಯ ಬಟ್ಟೆ. ಯಾರೂ ನೂಕಲಿಲ್ಲ, ನಾನೇ ಇಳಿದೆ, ಅಂಗೈ ತರಚಿತು. ಸೀರೆ ಬದಲಿಸಿ ಡ್ರಮ್ಮನ್ನು ಜಾಗಕ್ಕೆ ಸರಿಸುವಷ್ಟರಲ್ಲಿ ಕೀಲಿ ತೆಗೆಯುವ ಸದ್ದು.

ಇವರು ಕೈ ನೋಡಿ ಏನಾಯಿತೆಂದರು. ಡ್ರಮ್ಮು ತಾಗಿತು ಎಂದೆ. ಅರಿಶಿನ ಹಚ್ಚಿದರು.

"ಮನಿಯಾಗ ಕುಂತೂ ಪೆಟ್ಟು ಮಾಡ್ಕೊಂತೀ ನೀ," ಎಂದು ನಕ್ಕರು.

ಹೇಳಿಬಿಡಲೇ ಎನ್ನಿಸಿತು. ಹೇಳಿದರೆ ಬೈಯುವವರಲ್ಲ. ಬಿದ್ದೀಯೆಂದು ಹೆದರಿ ಹಿತ್ತಲ ಬಾಗಿಲಿಗೂ ಒಂದು ಬೀಗ ತರುತ್ತಾರೆ. ಶನಿವಾರ ಫೋನು ಬರಲಿ, ಬಾರದಿರಲಿ, ಆ ಗೋಡೆ ದಾಟಿದ್ದನ್ನು ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿ, ಅವರಿಗೆ ಅನ್ನ ಬಡಿಸಿದೆ.