ಅಲೆ ಏಳದ ಜಾಗ

ಆ ದರ್ಜಿಗೆ ಎಲ್ಲದರಲ್ಲೂ ದೇವರ ಕೈ ಕಾಣುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ದೇವರ ದಯೆ. ತಂಗಿದ ರೂಮಿನ ನಲ್ಲಿಯಲ್ಲಿ ಬಿಸಿನೀರು ಬಂದರೆ ಅದೂ ದೇವರ ದಯೆ. ಎಂಟು ವರ್ಷ ರಜೆಯ ಮುಖ ನೋಡದೆ ಮಷೀನು ತುಳಿದವನು, ಹೆಂಡತಿಯನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಮೂರು ದಿನಕ್ಕೆಂದು ಸಮುದ್ರ ನೋಡಲು ಬಂದಿದ್ದ. ಅವನ ಸಂಭ್ರಮ ಹೇಳತೀರದು. ಆದರೆ ಹೆಂಡತಿ ಸುಮ್ಮನಿರುವವಳಲ್ಲ.

"ಎಲ್ಲಾ ದೇವರೇ ನೋಡ್ಕೊಳ್ತಾನೆ ಅಂತೀರಿ. ಮತ್ತೆ ಅಂಗಡಿಗೆ ಎರಡೆರಡು ಬೀಗ ಯಾಕೆ ಜಡಿದು ಬಂದ್ರಿ?"

"ಬೀಗ ಹಾಕೋ ಬುದ್ಧೀನೂ ಅವನೇ ಕೊಟ್ಟಿದ್ದು ಕಣೇ," ಅಂದ. ಮಾತಿನಲ್ಲಿ ಅವನನ್ನು ಸೋಲಿಸಿದವರಿಲ್ಲ.

ಮರುದಿನ ಬೆಳಗ್ಗೆ ದಡಕ್ಕೆ ಹೋದರು. ಈಜುವ ಜಾಗದ ಗುರುತಿಗೆ ಮರಳಲ್ಲಿ ಕೆಂಪು-ಹಳದಿ ಬಣ್ಣದ ಎರಡು ಬಾವುಟ ನೆಟ್ಟಿದ್ದರು. ಅವುಗಳ ನಡುವೆ ಜನವೋ ಜನ. ಅಲೆಗಳು ಒಂದರ ಹಿಂದೊಂದು ಬಂದು ಎಲ್ಲರನ್ನೂ ಉರುಳಿಸುತ್ತಿದ್ದವು. ಅಲ್ಲಿಂದ ನೂರು ಹೆಜ್ಜೆ ಆಚೆ ಒಂದು ಜಾಗದಲ್ಲಿ ಮಾತ್ರ ಅಲೆಯೇ ಇಲ್ಲ. ನೀರು ತಣ್ಣಗೆ ಮಲಗಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ.

"ನೋಡಿದ್ಯಾ? ನಮಗೋಸ್ಕರ ದೇವರು ಕಾದಿರಿಸಿದ ಜಾಗ," ಎಂದು ದರ್ಜಿ ಚಪ್ಪಲಿ ಬಿಟ್ಟ.

ಅಷ್ಟರಲ್ಲಿ ಒಬ್ಬ ಹೆಂಗಸು ದಾಪುಗಾಲು ಹಾಕುತ್ತ ಬಂದಳು. ಕೊರಳಲ್ಲಿ ಸೀಟಿ, ಹೆಗಲಲ್ಲಿ ನೀರಿನ ಮೇಲೆ ತೇಲುವ ಉದ್ದನೆಯ ಕೆಂಪು ದಿಂಬು. ಅವಳು ಆ ದಡದ ಜೀವರಕ್ಷಕಿ. ಎಲ್ಲರೂ ಅವಳನ್ನು ಸೀಟಿ ಅಕ್ಕ ಎಂದೇ ಕರೆಯುತ್ತಿದ್ದರು.

"ಅಣ್ಣ, ಇಲ್ಲಿ ಇಳೀಬೇಡಿ. ಬಾವುಟದ ನಡುವೆ ಬನ್ನಿ."

"ಯಾಕಮ್ಮ? ಅಲ್ಲಿ ಅಲೆ ಎದೆಗೇ ಬಡೀತಿದೆ. ಇಲ್ಲಿ ನೀರು ಬಟ್ಟಲಲ್ಲಿ ಇಟ್ಟ ಹಾಗಿದೆ."

"ಅದಕ್ಕೇ ಬೇಡ ಅನ್ನೋದು. ಅಷ್ಟೊಂದು ಅಲೆ ದಡಕ್ಕೆ ಬರುತ್ತಲ್ಲ, ಆ ನೀರೆಲ್ಲ ವಾಪಸ್ ಹೋಗಬೇಕಲ್ವಾ? ಹೋಗೋ ದಾರಿ ಇದೇ. ಬಣ್ಣ ನೋಡಿ, ಇಲ್ಲಿ ಕಪ್ಪಗಿದೆ, ಆಳ ಜಾಸ್ತಿ. ನೋಡೋಕೆ ಸಾಧು, ಕಾಲಿಟ್ರೆ ಎಳ್ಕೊಂಡು ಹೋಗುತ್ತೆ."

ಬಟ್ಟೆಯನ್ನು ಬೆರಳಲ್ಲಿ ಮುಟ್ಟಿಯೇ ಅದರ ಗುಣ ಹೇಳುವವನು ದರ್ಜಿ. ಅವಳು ಹಾಗೆಯೇ ಕಣ್ಣಲ್ಲಿ ನೀರನ್ನು ಓದುತ್ತಿದ್ದಳು. ಆದರೆ ಅವನಿಗೆ ಅದು ಹೊಳೆಯಲಿಲ್ಲ.

"ನಾನು ಕೆರೇಲಿ ಈಜಿ ಬೆಳೆದವನು. ಕಾಯೋನು ಮೇಲಿದ್ದಾನೆ, ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ ತಾಯಿ?"

ಸೀಟಿ ಅಕ್ಕ ವಾದ ಬೆಳೆಸಲಿಲ್ಲ. ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಪುಟ್ಟಿ, ಈಜು ಬರುತ್ತಾ?"

"ಬರುತ್ತೆ. ಅಪ್ಪ ಕಲಿಸಿದ್ದಾರೆ."

"ನೀರು ಎಳೆದ್ರೆ ಏನು ಮಾಡ್ತೀಯ?"

"ದಡಕ್ಕೆ ಈಜ್ತೀನಿ."

"ಊಹೂಂ. ನೀರಿನ ಜೊತೆ ಜಗಳ ಬೇಡ. ಅಂಗಾತ ಮಲ್ಕೊಂಡು ತೇಲು. ಆಗಾಗ ಒಂದು ಕೈ ಎತ್ತು. ನಾನು ಬರ್ತೀನಿ."

ಮರಳ ಮೇಲೆಯೇ ಎರಡು ಸಲ ಮಲಗಿಸಿ ತೋರಿಸಿದಳು. ಅಷ್ಟರಲ್ಲಿ ಬಾವುಟದ ಕಡೆ ಯಾರೋ ಕೂಗಿಕೊಂಡರು. "ಇಳೀಬೇಡಿ," ಎಂದು ಇನ್ನೊಮ್ಮೆ ಹೇಳಿ ಅತ್ತ ಓಡಿದಳು.

ಅವಳು ಬೆನ್ನು ತಿರುಗಿಸುವುದನ್ನೇ ಕಾಯುತ್ತಿದ್ದವನಂತೆ ದರ್ಜಿ, "ಮೊಣಕಾಲಷ್ಟು ನೀರಿಗೆ ಏನಾಗುತ್ತೆ, ಹೋಗು ಮಗಳೇ," ಅಂದ. "ರೀ, ಬೇಡ ಅಂದಳಲ್ಲ ಅವಳು," ಎಂದು ಹೆಂಡತಿ ಹೇಳುವಷ್ಟರಲ್ಲಿ ಮಗಳು ನೀರಲ್ಲಿದ್ದಳು.

ಮೊಣಕಾಲಷ್ಟಿದ್ದ ನೀರು ಎರಡು ಹೆಜ್ಜೆಗೆ ಸೊಂಟಕ್ಕೆ ಬಂತು. ಕಾಲ ಕೆಳಗಿನ ಮರಳು ಜಾರಿತು. ನೋಡನೋಡುತ್ತಿದ್ದಂತೆ ಮಗು ದೂರ ಹೋಯಿತು. ದರ್ಜಿ ಹಿಂದೆಮುಂದೆ ನೋಡದೆ ಹಾರಿದ. ಹಾರಿದವನನ್ನೂ ನೀರು ಬಿಡಲಿಲ್ಲ. ದಡದ ಕಡೆ ತಿರುಗಿ ಕೈ ಬೀಸಿದಷ್ಟೂ ದಡವೇ ಹಿಂದೆ ಸರಿಯುತ್ತಿತ್ತು. ರಟ್ಟೆ ಸೋತಿತು. ಬಾಯಿಗೆ ಉಪ್ಪುನೀರು ನುಗ್ಗಿತು. ದೇವರೇ, ನನ್ನ ಮಗು, ಎಂದು ಕೂಗಲು ಹೋದ, ದನಿ ಹೊರಡಲಿಲ್ಲ.

ಆಗ ಸೀಟಿ ಕೇಳಿಸಿತು. ಹಿಂದೆಯೇ ಅವಳ ದನಿ. "ಅಣ್ಣ, ಕೈ ಬಡೀಬೇಡಿ. ಮಗಳನ್ನ ನೋಡಿ. ಅವಳ ಹಾಗೆ ಮಲ್ಕೊಳ್ಳಿ."

ನೋಡಿದ. ಮಗಳು ಆಕಾಶಕ್ಕೆ ಮುಖಮಾಡಿ ತೇಲುತ್ತಿದ್ದಳು. ಒಂದು ಪುಟ್ಟ ಕೈ ಮೇಲೆದ್ದಿತ್ತು. ಅವನಿಗೆ ಅಳು ಬಂತು. ಅಳುತ್ತಲೇ ಅವನೂ ಅಂಗಾತ ತೇಲಿದ.

ಸೀಟಿ ಅಕ್ಕ ದಿಂಬನ್ನು ಅವನ ಕೈಗೆ ಸಿಕ್ಕಿಸಿ, ಮಗಳನ್ನೂ ತಂದು ಅದನ್ನೇ ಹಿಡಿಸಿದಳು. ನೇರ ದಡಕ್ಕೆ ಎಳೆಯಲಿಲ್ಲ. ದಡದ ಉದ್ದಕ್ಕೆ, ಅಡ್ಡಡ್ಡ ಈಜಿದಳು. ಅಲೆ ಏಳುವ ಜಾಗ ಸಿಕ್ಕ ಮೇಲೆ ಅಲೆಗಳೇ ಮೂವರನ್ನೂ ದಡಕ್ಕೆ ತಳ್ಳಿದವು. ಎಂಥ ಹೆಂಗಸು ಅವಳು! ಇಬ್ಬರನ್ನು ಸಾವಿನ ಬಾಯಿಂದ ತಂದವಳು ಮೊದಲು ಕೇಳಿದ್ದು, "ಪುಟ್ಟಿ, ಚಳಿ ಆಗ್ತಿದೆಯಾ?"

ಹೆಂಡತಿ ಮಗಳನ್ನು ಅಪ್ಪಿಕೊಂಡು ಕೂತಿದ್ದಳು.

"ದೇವರು ದೊಡ್ಡವನು," ಅಂದ, ಕೆಮ್ಮುತ್ತ.

"ಹೌದಣ್ಣ," ಸೀಟಿ ಅಕ್ಕ ಕೂದಲು ಹಿಂಡಿಕೊಳ್ಳುತ್ತ ಹೇಳಿದಳು. "ಅದಕ್ಕೇ ಅಲ್ವಾ, ನೀವು ನೀರಿಗಿಳಿಯೋ ಮುಂಚೆನೇ ನನ್ನನ್ನ ಕಳಿಸಿದ್ದು."

ಮಾತಿನಮಲ್ಲ ದರ್ಜಿ ಹೋಗಿ ಹೆಂಡತಿಯ ಪಕ್ಕ ಕೂತ. ಅವಳಿಗೆ ಹೇಳಿದ, "ತಣ್ಣಗಿರೋ ನೀರು ಕಂಡು ಅವನ ದಯೆ ಅಂದೆ. ಬೇಡ ಅಂತ ತಡೆಯೋಕೆ ಬಂದವಳಲ್ಲಿ ಅವನನ್ನ ಕಾಣಲಿಲ್ಲ. ತಪ್ಪಾಯ್ತು ಕಣೇ."

ಮಿಕ್ಕ ರಜೆಯೆಲ್ಲ ಮೂವರೂ ಬಾವುಟದ ನಡುವೆಯೇ ಆಡಿದರು. ಯಾರಾದರೂ ಆ ತಣ್ಣನೆಯ ನೀರಿನ ಕಡೆ ಹೆಜ್ಜೆ ಹಾಕಿದರೆ ಸೀಟಿ ಅಕ್ಕನಿಗಿಂತ ಮೊದಲು ದರ್ಜಿಯೇ ಓಡುತ್ತಿದ್ದ.

ಅಣ್ಣ, ಅಕ್ಕ, ನೀವೂ ಮಕ್ಕಳನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುತ್ತೀರಿ. ಹೋಗಿ, ಸಂತೋಷವಾಗಿ ಆಡಿ. ಬಾವುಟದ ನಡುವೆ ಮಾತ್ರ ಇಳಿಯಿರಿ. ಅಕ್ಕಪಕ್ಕ ಅಲೆಯಿದ್ದು ನಡುವೆ ಒಂದೇ ಕಡೆ ಅಲೆ ಇಲ್ಲವೆಂದರೆ ಅದು ಎಳೆಯುವ ನೀರು, ದೂರವಿರಿ. ಸಿಕ್ಕಿಕೊಂಡರೆ ಜಗಳಕ್ಕೆ ನಿಲ್ಲದೆ ತೇಲಿ, ಕೈ ಎತ್ತಿ. ಶಕ್ತಿಯಿದ್ದರೆ ದಡದ ಉದ್ದಕ್ಕೆ ಅಡ್ಡ ಈಜಿ. ಬೇರೆಯವರು ಸಿಕ್ಕಿಕೊಂಡರೆ ನೀವು ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನಾದರೂ ಸರಿ, ತೇಲುವುದೇನನ್ನಾದರೂ ಎಸೆದು ಜೀವರಕ್ಷಕರನ್ನು ಕೂಗಿ. ಅಂಗಾತ ತೇಲಿ ಕೈ ಎತ್ತುವುದನ್ನು ಮಕ್ಕಳಿಗೆ ಮನೆಯಲ್ಲೇ, ನೆಲದ ಮೇಲೆ ಮಲಗಿಸಿ ಕಲಿಸಿ.

ಕಾಯುವವನು ಇದ್ದಾನೆ, ನಂಬಿ. ಸೀಟಿ ಕೇಳಿಸಿದರೆ ದಡಕ್ಕೆ ಬನ್ನಿ.