ಹನ್ನೊಂದೂವರೆಯ ಉಬ್ಬರ

ಬೇಸಿಗೆಯಲ್ಲಿ ಹಡಗಿಳಿದು ಬರುವ ಪ್ರವಾಸಿಗರನ್ನು ನಮ್ಮ ಹೆಲ್ಸಾ ದ್ವೀಪದ ಮೂಡಣ ಕಡಲಂಚಿಗೆ ಕರೆದೊಯ್ದು, ಇಲ್ಲೆಲ್ಲೋ ನಮ್ಮ ವೈಕಿಂಗ್ ಹಿರಿಯರು ದೋಣಿಯ ಸಮೇತ ಮಣ್ಣಾಗಿದ್ದಾರೆ ಎಂದು ಹದಿನಾಲ್ಕು ವರ್ಷ ಹೇಳಿಕೊಂಡು ಬಂದವಳು ನಾನು. ಎಲ್ಲಿ ಎಂದು ನನಗೂ ಗೊತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಗೊತ್ತಾಯಿತು. ಎರಡು ದಿನದ ಬಿರುಗಾಳಿಗೆ ಕಡಲು ಹೊಲದಂಚಿನ ಮರಳುದಿಬ್ಬವನ್ನು ಎರಡಾಳುದ್ದ ಕಚ್ಚಿಕೊಂಡು ಹೋಗಿತ್ತು. ಬೆಳಕು ಹರಿಯುತ್ತಲೇ ನೋಡಲು ಹೋದೆ. ಕಡಿದ ದಿಬ್ಬದ ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳು ಬಾಗಿದ ಸಾಲಿನಲ್ಲಿ ಕೂತಿದ್ದವು. ಮರ ಎಂದೋ ಕೊಳೆತುಹೋಗಿದೆ, ದೋಣಿಯ ಆಕಾರವನ್ನು ಮೊಳೆಗಳಷ್ಟೇ ಹಿಡಿದುಕೊಂಡಿವೆ. ಅದರೊಳಗೆ, ಮರಳಿನಿಂದ ಅರ್ಧ ಹೊರಗೆ, ಕಂದುಬಣ್ಣದ ತಲೆಬುರುಡೆ.

ಗಡಿಯಾರ ನೋಡಿದೆ. ಏಳೂಕಾಲು. ಉಬ್ಬರ ಹನ್ನೊಂದೂವರೆಗೆ.

ದೊಡ್ಡ ದ್ವೀಪದ ಕಿರ್ಕ್‌ವಾಲ್ ಪಟ್ಟಣದಲ್ಲಿರುವ ಪುರಾತತ್ವ ತಜ್ಞೆ ಮೆರನ್‌ಗೆ ಫೋನ್ ಮಾಡಿದೆ. ಚಿಕ್ಕಂದಿನಿಂದ ನೋಡಿದ ಹುಡುಗಿ.

"ದೋಣಿ ಸಿಕ್ಕಿದೆ ಕಣಮ್ಮಾ. ಒಳಗೆ ಯಾರೋ ಇದ್ದಾರೆ. ಬೇಗ ಬಾ."

"ಹೇಗೆ ಬರ್ಲಿ ಓಸ್ಲಾ ಆಂಟಿ? ವಿಮಾನ ಇಲ್ಲ, ಹಡಗು ಕಟ್ಟಿಹಾಕಿದ್ದಾರೆ. ನಾಳೇನೂ ಅನುಮಾನವೇ."

"ನಾಳೆಗೆ ಇದು ಇರಲ್ಲ."

"ನೀರಿಗೆ ಏನಾದ್ರೂ ಅಡ್ಡ ಹಾಕೋಕಾಗುತ್ತಾ ನೋಡಿ. ಮೂಳೆ ಮುಟ್ಬೇಡಿ. ಬೇರೆ ದಾರೀನೇ ಇಲ್ಲ ಅಂದಾಗ ಫೋನ್ ಮಾಡಿ."

ಅಡ್ಡ ಹಾಕಬೇಕೆಂದರೆ ಟ್ರಾಕ್ಟರ್ ಬೇಕು. ಆ ಕಡೆಯಲ್ಲಿ ಟ್ರಾಕ್ಟರ್ ಇದ್ದದ್ದು ಹೊಲದ ಒಡೆಯ ಮ್ಯಾನ್ಸ್ ಹತ್ತಿರ. ಅವನು ನನ್ನ ಮೈದುನ, ತೀರಿಹೋದ ಗಂಡನ ತಮ್ಮ. ಎರಡು ವರ್ಷದಿಂದ ಮಾತಿರಲಿಲ್ಲ. ನಾನು ಕರೆತಂದ ಪ್ರವಾಸಿಗರಲ್ಲಿ ಯಾರೋ ಗೇಟು ಹಾಕದೆ ಹೋಗಿ, ಅವನ ಗಬ್ಬದ ಹಸು ದಿಬ್ಬದಿಂದ ಬಿದ್ದು ಕಾಲು ಮುರಿದುಕೊಂಡಿತ್ತು. ಅವನೇ ಗುಂಡು ಹೊಡೆಯಬೇಕಾಯಿತು.

ನಾನು ಹೋದಾಗ ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದ. "ಏನತ್ತಿಗೆ, ಚಳಿಗಾಲಕ್ಕೂ ಟೂರಿಸ್ಟ್ ಕರ್ಕೊಂಡ್ ಬಂದ್ಯಾ?"

"ಮ್ಯಾನ್ಸ್, ನಿನ್ನ ಹೊಲದಂಚಲ್ಲಿ ಹೆಣ ಇದೆ."

ಕೈ ನಿಂತಿತು. "ಯಾರ್ದು?"

"ಸಾವಿರ ವರ್ಷದ್ದು."

"ಹಾಗಾದ್ರೆ ಅರ್ಜೆಂಟೇನಿಲ್ಲ ಬಿಡು."

"ಕಾಲಿಗೆ ಬೀಳ್ತೀನಿ ಕಣೋ. ಇನ್ನು ಮೂರೂವರೆ ಗಂಟೆ ಅಷ್ಟೇ ಇರೋದು."

"ನನ್ನ ಹಸು ಬಿದ್ದಾಗ ಹೀಗೆ ಓಡಿ ಬಂದವಳಲ್ಲ ನೀನು."

"ಹೌದು, ಬರಬೇಕಿತ್ತು. ಮುಖ ತೋರಿಸೋಕೆ ಧೈರ್ಯ ಸಾಲ್ಲಿಲ್ಲ."

ಕವೆಗೋಲನ್ನು ಗೋಡೆಗೆ ಒರಗಿಸಿ ಟ್ರಾಕ್ಟರ್ ಹತ್ತಿದ.

ಕಪ್ಪು ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ದೊಡ್ಡ ಉರುಳೆಗಳನ್ನು ಒಂದೊಂದಾಗಿ ತಂದು ದಿಬ್ಬದ ಬುಡಕ್ಕೆ ಒತ್ತಿ ನಿಲ್ಲಿಸಿದ. ಏಳು ಉರುಳೆ. ಬಿರುಗಾಳಿ ಹಿಂದಿನಿಂದ ನೂಕುತ್ತಿದ್ದುದರಿಂದ ನೀರು ಹೊತ್ತಿಗೆ ಮುಂಚೆಯೇ ಏರಿತು. ಒಂಬತ್ತಕ್ಕೆ ಮೊದಲ ಅಲೆ ಉರುಳೆಗಳಿಗೆ ಬಡಿಯಿತು. ಒಂಬತ್ತೂವರೆಗೆ ಅರ್ಧ ಟನ್ನಿನ ಉರುಳೆಯೊಂದು ಮಕ್ಕಳ ಚೆಂಡಿನಂತೆ ಎದ್ದು ತೇಲಿಹೋಯಿತು.

ಮೆರನ್‌ಗೆ ಫೋನ್ ಮಾಡಿದೆ. "ಎತ್ಬಿಡಿ ಆಂಟಿ," ಎಂದಳು. "ಮೊದ್ಲು ಫೋಟೋ ತೆಗೀರಿ. ತಲೆಯಿಂದ ಶುರು ಮಾಡಿ. ಸಲಿಕೆ ಬೇಡ, ಕೈಯಲ್ಲೇ."

ಮೀನಿನ ಪೆಟ್ಟಿಗೆಗಳಿಗೆ ಕುರಿಯುಣ್ಣೆ ಹಾಸಿ ಇಬ್ಬರೂ ಕೈಹಚ್ಚಿದೆವು. ಬುರುಡೆ ಎತ್ತಿದೆ. ಹಲ್ಲುಗಳೆಲ್ಲ ಸವೆದಿದ್ದವು. ಕುತ್ತಿಗೆ, ಪಕ್ಕೆಲುಬು, ನೂಲು ತೆಗೆಯುವ ಕದಿರಿನ ಕಲ್ಲುಬಿಲ್ಲೆ. ಹೆಂಗಸು, ಎಂದುಕೊಂಡೆ. ಬೆರಳುಗಳಿಗೆ ಸ್ಪರ್ಶವೇ ತಿಳಿಯದಷ್ಟು ಚಳಿ, ಹಿಡಿದದ್ದು ಮೂಳೆಯೋ ಕಲ್ಲೋ ಎಂದು ಕಣ್ಣಿನಿಂದ ನೋಡಿಕೊಳ್ಳಬೇಕು. ಅಲೆ ಬಂದಾಗಲೆಲ್ಲ ಬೆನ್ನು ನೆನೆಯುತ್ತಿತ್ತು.

"ಅತ್ತಿಗೆ," ಎಂದ ಮ್ಯಾನ್ಸ್. ಎಡತೋಳಿನ ಮೂಳೆಯ ಒಳಮಗ್ಗುಲಲ್ಲಿ ಕಡ್ಡಿಯಷ್ಟು ಸಣ್ಣ ಮೂಳೆಗಳು. "ಕೋಳೀದಾ ಇದು?"

"ಅಲ್ಲ ಮ್ಯಾನ್ಸ್. ಮಗು."

ಅವನು ಒಂದೊಂದನ್ನೂ ಊದಿ ಊದಿ ಚಿಕ್ಕ ಪೆಟ್ಟಿಗೆಗೆ ಇಡತೊಡಗಿದ.

ತುಂಬಿದ ಬೇರೆ ಪೆಟ್ಟಿಗೆಗಳು ಆಗಲೇ ಟ್ರಾಕ್ಟರ್ ಸೇರಿದ್ದವು. ಬುರುಡೆ, ಪಕ್ಕೆಲುಬುಗಳಿದ್ದ ಪೆಟ್ಟಿಗೆಯನ್ನು ಟ್ರಾಕ್ಟರಿಗೆ ಸಾಗಿಸಲು ಎತ್ತಿಕೊಂಡು ಹತ್ತು ಹೆಜ್ಜೆ ಹೋಗಿದ್ದೆನಷ್ಟೆ. ಹಿಂದೆ ಧಡ್ ಎಂದಿತು. ತಿರುಗಿದರೆ ದಿಬ್ಬವಿಲ್ಲ. ಮರಳಿನ ರಾಶಿಯಿಂದ ಮ್ಯಾನ್ಸ್‌ನ ತಲೆ, ಹೆಗಲು, ಮೇಲೆತ್ತಿದ ಎರಡು ಕೈ. ಕೈಯಲ್ಲಿ ಮಗುವಿನ ಪೆಟ್ಟಿಗೆ.

"ಇದನ್ನ ತಗೋ ಮೊದ್ಲು!" ಎಂದು ಕೂಗಿದ. ಮರುಕ್ಷಣ ಅಲೆಯೊಂದು ಅವನ ಮುಖದ ಮೇಲೆ ಹಾದುಹೋಯಿತು.

ನನ್ನ ಪೆಟ್ಟಿಗೆಯನ್ನು ಹತ್ತಿರದ ಬಂಡೆಯ ಮೇಲಿಟ್ಟು ಓಡಿದೆ. ಚಿಕ್ಕ ಪೆಟ್ಟಿಗೆಯನ್ನು ಕಿತ್ತುಕೊಂಡು ಮೇಲಿನ ಹುಲ್ಲಿಗೆ ನೂಕಿದೆ. ಆಮೇಲೆ ಅಗೆದೆ. ನಾಯಿ ಅಗೆಯುವ ಹಾಗೆ ಅಗೆದೆ. ಬಾಚಿದಷ್ಟನ್ನೂ ನೀರು ಮತ್ತೆ ತುಂಬುತ್ತಿತ್ತು. ಮತ್ತೊಂದು ಅಲೆ. ಅದು ಇಳಿದಾಗ ಅವನ ತುಟಿ ನೀಲಿಯಾಗಿತ್ತು.

"ಹೋಗು ಅತ್ತಿಗೆ. ನೀನೂ ಹೋಗ್ತೀಯ ಇಲ್ದಿದ್ರೆ."

"ಬಾಯ್ಮುಚ್ಚು! ನಿನ್ನಣ್ಣನ್ನ ಮಣ್ಣು ಮಾಡಿದ್ದೇ ಸಾಕಾಗಿದೆ ನಂಗೆ. ಕಾಲು ಆಡಿಸು!"

ಮೂರನೆಯ ಅಲೆಯೇ ಮರಳನ್ನು ಸಡಿಲಿಸಿತೋ, ಅವನೇ ಒದ್ದನೋ ತಿಳಿಯದು. ಕಂಕುಳಿಗೆ ಕೈಕೊಟ್ಟು ಎಳೆದೆ, ಅರಚಿಕೊಂಡು ಹೊರಬಂದ. ಬಲಗಾಲು ಮುರಿದು ತಿರುಚಿತ್ತು. ಹುಲ್ಲಿನ ತನಕ ಹೇಗೆ ಎಳೆದುಕೊಂಡು ಹೋದೆನೋ ನೆನಪಿಲ್ಲ.

ಬಂಡೆಯ ಕಡೆ ತಿರುಗಿದಾಗ ಅಲ್ಲಿ ನೊರೆ ಮಾತ್ರ ಇತ್ತು.

ಮೆರನ್ ಬಂದದ್ದು ಮೂರನೆಯ ದಿನ. ದೋಣಿ ಇದ್ದ ಜಾಗದಲ್ಲಿ ಆಗ ಬರೀ ಕಲ್ಲು. ಉಳಿದದ್ದನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡಿ ನೋಡಿದಳು: ಬೆನ್ನೆಲುಬಿನ ಕೆಲವು ತುಂಡು, ಎರಡು ತೋಳು, ಕಲ್ಲುಬಿಲ್ಲೆ, ಪೂರ್ತಿ ಮಗು. ಹೆಂಗಸಿಗೆ ಐವತ್ತು ದಾಟಿತ್ತಂತೆ, ಮಗು ಅವಳು ಹೆತ್ತದ್ದಿರಲಾರದಂತೆ.

"ನೀವಿಲ್ದಿದ್ರೆ ಇಷ್ಟೂ ಸಿಗ್ತಿರ್ಲಿಲ್ಲ ಆಂಟಿ," ಎಂದು ನನ್ನ ಕೈ ಹಿಡಿದಳು.

ಕೈ ಬಿಡಿಸಿಕೊಂಡೆ. ಸಾವಿರ ವರ್ಷ ಭದ್ರವಾಗಿದ್ದ ತಲೆ ನನ್ನ ಕೈಗೆ ಬಂದಮೇಲೆ ಒಂದು ಗಂಟೆಯೂ ಉಳಿಯಲಿಲ್ಲ.

ದಿನಾ ಇಳಿತದ ಹೊತ್ತಿಗೆ ಕಡಲಂಚಿಗೆ ಹೋಗಿ ಪಾಚಿಯ ರಾಶಿಗಳನ್ನು ಕೋಲಿನಿಂದ ಕೆದಕತೊಡಗಿದೆ. ಎರಡನೆಯ ವಾರ ಪೆಟ್ಟಿಗೆಯ ಒಂದು ಪಕ್ಕ ಮಾತ್ರ ಸಿಕ್ಕಿತು. ಆಮೇಲೆ ಅದೂ ಇಲ್ಲ. ಮಾರ್ಚ್ ಕೊನೆಗೆ ಮ್ಯಾನ್ಸ್ ಕಾಲಿನ ಪಟ್ಟಿಯ ಸಮೇತ ಯಾರದೋ ಜೀಪಿನಲ್ಲಿ ಬಂದು, ಕಿಟಕಿ ಇಳಿಸಿ ಕೂಗಿದ.

"ಸಾಕು ಅತ್ತಿಗೆ. ಸಿಗಲ್ಲ ಅದು."

"ನಿಂಗೇನು ಗೊತ್ತು?"

"ಅವಳ ಬದಲು ನನ್ನನ್ನ ಎತ್ಕೊಂಡೆ ಅಂತ ಬೇಜಾರಾ?"

ಇಲ್ಲ ಎಂದು ತಕ್ಷಣ ಹೇಳಬೇಕಿತ್ತು. ಅಳು ಬಂದುಬಿಟ್ಟಿತು. ಅವನು ಬಾಗಿಲು ತೆರೆದು, ಊರುಗೋಲು ಚಾಚಿ ಕಷ್ಟಪಟ್ಟು ಇಳಿದ. ನನ್ನ ಪಕ್ಕಕ್ಕೆ ಬಂದು ನಿಂತು, ಊರುಗೋಲಿನ ತುದಿಯಿಂದ ಪಾಚಿಯನ್ನು ಸರಿಸಿದ.

"ಆ ಕಡೆ ನೋಡಿದ್ಯಾ?" ಎಂದ.

"ನೋಡಿಲ್ಲ."

ಇಬ್ಬರೂ ಆ ಕಡೆ ನಡೆದೆವು. ಅಲ್ಲೂ ಇರಲಿಲ್ಲ.