ತಾಳೆಯಾಗದ ಹೇಳಿಕೆ

"ಬಾರಪ್ಪ ಬಾಲ್ಕನಿಗೆ, ಗಿಡ ತೋರಿಸ್ತೀನಿ," ಎಂದು ಇನ್ಸ್‌ಪೆಕ್ಟರರು ಹುಡುಗನ ಹೆಗಲ ಮೇಲೆ ಕೈಯಿಟ್ಟಾಗಲೇ ಅವರ ಹೆಂಡತಿಯ ಎದೆ ಧಸಕ್ಕೆಂದಿತು. ಬಾಲ್ಕನಿಯಲ್ಲಿದ್ದದ್ದು ಒಂದೇ ಒಂದು ಕುಂಡ, ಅದೂ ಒಣಗಿದ್ದು. ಅದಕ್ಕೆ ಈ ಮಹಾನುಭಾವರು ಒಂದು ದಿನವಾದರೂ ನೀರು ಹಾಕಿದ್ದರೆ ಕೇಳಿ.

"ಅಪ್ಪಾ," ಮಗಳು ಸೋಫಾದಿಂದಲೇ ಹಲ್ಲು ಕಚ್ಚಿ ಹೇಳಿದಳು. "ಇದು ಮನೆ. ಠಾಣೆ ಅಲ್ಲ."

"ಗೊತ್ತಮ್ಮ. ಗಿಡ ತೋರಿಸೋದೂ ತಪ್ಪಾ?"

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನೌಕರಿಯ ಗುಣ ಅದಕ್ಕಿಂತ ಗಟ್ಟಿ. ಇಬ್ಬರನ್ನು ಬೇರೆ ಬೇರೆ ಕೂರಿಸು, ಒಂದೇ ಪ್ರಶ್ನೆ ಕೇಳು, ಉತ್ತರ ತಾಳೆ ನೋಡು. ಇನ್ಸ್‌ಪೆಕ್ಟರರು ತಮ್ಮ ಸರ್ವಿಸಿನಲ್ಲಿ ಕಲಿತದ್ದರ ಸಾರ ಇಷ್ಟೇ. ಎಂತೆಂಥ ಘಟಾನುಘಟಿಗಳು ಇದಕ್ಕೆ ಸಿಕ್ಕಿ ಬಾಯಿಬಿಟ್ಟಿದ್ದರು.

ಮಗಳು ಮೆಚ್ಚಿದ ಹುಡುಗ ತಾಯಿಯ ಜೊತೆ ಇವತ್ತು ಮೊದಲ ಸಲ ಮನೆಗೆ ಬಂದಿದ್ದ. ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ. ಮಣಿಕಟ್ಟಿನ ಮೇಲೆ ಸುಟ್ಟ ಗೆರೆಗಳಿದ್ದವು. ಅಪ್ಪ ಒಪ್ಪದಿದ್ದರೆ ಮದುವೆ ಬೇಡ ಎಂದು ಮಗಳೇ ಮಾತು ಕೊಟ್ಟುಬಿಟ್ಟಿದ್ದಳು. ಕೊಟ್ಟಾಗಿನಿಂದ ಅವಳಿಗೆ ಕಳವಳ. ಇನ್ಸ್‌ಪೆಕ್ಟರರಿಗೂ ಕಡಿಮೆಯೇನಿರಲಿಲ್ಲ. ಮಗಳು ಹುಟ್ಟಿದಾಗ ಅವರು ಯಾವುದೋ ಮೆರವಣಿಗೆಯ ಬಂದೋಬಸ್ತಿನಲ್ಲಿದ್ದರು. ಶಾಲೆಯಲ್ಲಿ ಬಹುಮಾನ ತೆಗೆದುಕೊಂಡಾಗ ಮಂತ್ರಿಗಳ ಕಾರಿನ ಹಿಂದೆ ಓಡುತ್ತಿದ್ದರು. ಇವತ್ತಿನ ರಜೆಯನ್ನೂ ಮೇಲಿನವರ ಕೈಕಾಲು ಹಿಡಿದು ಪಡೆದದ್ದು. ಇದೊಂದನ್ನಾದರೂ ಅಪ್ಪನಾಗಿ ಸರಿಯಾಗಿ ಮಾಡಬೇಕು ಎಂಬ ಆಸೆ ಅವರಿಗೆ. ಸರಿಯಾಗಿ ಮಾಡಲು ಅವರಿಗೆ ಬರುತ್ತಿದ್ದದ್ದು ಒಂದೇ ಕೆಲಸ, ಏನು ಮಾಡುವುದು!

"ನನ್ನ ಮಗಳು ನಿಂಗೆ ಎಲ್ಲಿ ಸಿಕ್ಕಿದ್ದು?" ಬಾಲ್ಕನಿಯಲ್ಲಿ ಕೇಳಿದರು. ಮಗಳನ್ನು ಕೇಳಿದಾಗಲೆಲ್ಲ ಅವಳು 'ಹೀಗೇ ಪರಿಚಯ' ಎಂದು ಜಾರಿಕೊಂಡಿದ್ದಳು.

ಹುಡುಗ ಒಣ ಕುಂಡದ ಕಡೆ ನೋಡಿದ. "ಬಸ್ ಸ್ಟಾಪಲ್ಲಿ ಸಾರ್."

"ಹೂಂ. ಒಳ್ಳೇ ಜಾಗ," ಎಂದು ಬೆನ್ನು ತಟ್ಟಿ ಅವನನ್ನು ಅಲ್ಲೇ ಬಿಟ್ಟು, ಅವನ ತಾಯಿಯನ್ನು ಒಳಕೋಣೆಯ ಪುಸ್ತಕದ ಕಪಾಟು ನೋಡಲು ಕರೆದರು. ಆಕೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದ ಗಟ್ಟಿ ಹೆಂಗಸು. ಅದೇ ಪ್ರಶ್ನೆ ಕೇಳಿ ಮುಗಿಸುವ ಮೊದಲೇ, ಕಣ್ಣು ಮಿಟುಕಿಸದೆ, "ಲೈಬ್ರರಿಯಲ್ಲಿ," ಎಂದಳು.

ಕೇಸು ಬಿಚ್ಚಿಕೊಂಡಾಗ ಆಗುವ ಖುಷಿ ಇನ್ಸ್‌ಪೆಕ್ಟರರ ಮೈಯಲ್ಲಿ ಜುಮ್ಮೆಂದು ಹರಿಯಿತು. ಅದರ ಬೆನ್ನಿಗೇ, ಇದು ಯಾರ ಕೇಸು ಎಂಬುದು ನೆನಪಾಗಿ ಮನಸ್ಸು ಪಿಚ್ಚೆಂದಿತು. ಹುಡುಗ ಅವರಿಗೆ ಹಿಡಿಸಿದ್ದ. ಹಿಡಿಸಿದ್ದಕ್ಕೇ ಹೆಚ್ಚು ಬೇಸರವಾಯಿತು.

ನಡುಮನೆಗೆ ಬಂದು ನಿಂತರು. ಬಾಲ್ಕನಿಯಿಂದ ಹುಡುಗನನ್ನೂ ಕರೆದರು. ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದ ಹೆಂಡತಿ ಸೋಸುವುದನ್ನು ಬಿಟ್ಟು ಬಾಗಿಲಿಗೆ ಬಂದಳು.

"ಇವನು ಬಸ್ ಸ್ಟಾಪ್ ಅಂತಾನೆ. ತಾಯಿ ಲೈಬ್ರರಿ ಅಂತಾರೆ. ಇಬ್ಬರ ಹೇಳಿಕೆ ತಾಳೆ ಆಗ್ತಿಲ್ಲ." ದನಿ ಗಡುಸಾಗಿತ್ತು. "ನೋಡಮ್ಮ, ಬಡವನಾದ್ರೂ ಒಪ್ತಿದ್ದೆ. ಮನೆ ಬಾಗಿಲಿಗೆ ಬಂದ ದಿನವೇ ಸುಳ್ಳು ಹೇಳೋನಿಗೆ ಹೇಗೆ ಒಪ್ಪಲಿ?"

ಮಗಳ ಮುಖ ಬಿಳಿಚಿತು. ಮಾತಾಡಿದ್ದು ಹುಡುಗನ ತಾಯಿ, ಅದೂ ಮಗನ ಕಡೆ ತಿರುಗಿ.

"ಲೈಬ್ರರಿ ಅಂದ್ಕೊಂಡಿದ್ವಲ್ಲೋ!"

"ಮೆಟ್ಟಿಲು ಹತ್ತೋವಾಗ ನೀನೇ ಅಲ್ವೇನಮ್ಮ ಅದು ಬೇಡ, ಬಸ್ ಸ್ಟಾಪ್ ಅಂತ ಹೇಳು ಅಂದಿದ್ದು?"

"ನಾನು ಹೇಳಿದ್ದು ಬಸ್ ಸ್ಟಾಪ್ ಬೇಡ, ಲೈಬ್ರರಿನೇ ಇರಲಿ ಅಂತ! ಅಯ್ಯೋ ನನ್ನ ಕರ್ಮವೇ. ಮೂವತ್ತು ವರ್ಷ ಟಿಕೆಟ್ ಇಲ್ಲದೋರ ಸುಳ್ಳು ಹಿಡಿದೆ ಸಾರ್. ಒಂದು ಸುಳ್ಳು ನೆಟ್ಟಗೆ ಹೇಳೋಕೆ ನಂಗೇ ಬರಲಿಲ್ಲ ನೋಡಿ."

"ಸಾಕು," ಮಗಳು ಎದ್ದು ನಿಂತಳು. "ನಾವು ಸಿಕ್ಕಿದ್ದು ನಿಮ್ಮ ಠಾಣೆಯಲ್ಲೇ ಅಪ್ಪಾ. ಇವನನ್ನ ಹಿಡಿದು ತಂದಿದ್ದೂ ನೀವೇ."



ಕೆಲವು ವರ್ಷಗಳ ಹಿಂದೆ ಮಾರುಕಟ್ಟೆಯ ಅಂಗಡಿಗಳಲ್ಲಿ ಸಾಲುಸಾಲು ಕಳ್ಳತನವಾಗಿತ್ತು. ಬೆಳಗಾಗುವುದರೊಳಗೆ ಯಾರನ್ನಾದರೂ ತಂದು ಕೂರಿಸದಿದ್ದರೆ ನಿನ್ನ ಕುರ್ಚಿ ಇರಲ್ಲ ಎಂದು ಮೇಲಿನವರು ಫೋನಿನಲ್ಲೇ ಗುಡುಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ನಸುಕಿಗೆ ಮೈದಾದ ಚೀಲ ಹೊತ್ತು ಕೆಲಸಕ್ಕೆ ಹೊರಟಿದ್ದ ಈ ಬಡಪಾಯಿ ಸಿಕ್ಕಿಬಿದ್ದ. ಮಧ್ಯಾಹ್ನ ಬೇಕರಿಯ ಮಾಲೀಕ ಬಂದು ನಮ್ಮವನೇ ಎನ್ನುವವರೆಗೂ ಬೆಂಚಿನ ಮೇಲೆ ಕೂತೇ ಇದ್ದ. ಅಪ್ಪನಿಗೆ ಊಟದ ಡಬ್ಬಿ ತಂದ ಮಗಳಿಗೆ ಅಪ್ಪ ಸಿಗಲಿಲ್ಲ. ಹಸಿವಿನಿಂದ ಮುಖ ಬಾಡಿದ ಇವನು ಸಿಕ್ಕ.

"ಡಬ್ಬಿ ಇವನಿಗೆ ಕೊಟ್ಟೆ. ತರೋದು ಮರೆತೆ ಅಂತ ನಿಮಗೆ ಹೇಳಿದೆ," ಎಂದಳು ಮಗಳು.

"ಎಲ್ಲಾ ತಿಂದೆ ಸಾರ್," ಹುಡುಗ ತಲೆ ತಗ್ಗಿಸಿ ಹೇಳಿದ. "ನಿಮ್ದು ಅಂತ ಆಮೇಲೆ ಗೊತ್ತಾಯ್ತು. ಹೇಳಿದ್ರೆ ನಿಮಗೆ ಮುಜುಗರ ಆಗುತ್ತೆ ಅಂತ..."

"ಮತ್ತಿನ್ನೇನು?" ಎಂದಳು ತಾಯಿ. "ಸಂಬಂಧ ಬೆಳೆಸೋಕೆ ಬಂದ ಮನೇಲಿ, ನಮ್ಮ ಹುಡುಗನ್ನ ಒಳಗೆ ಹಾಕಿದ್ರಲ್ಲ ಅಂತ ಮಾತು ಶುರು ಮಾಡೋಕಾಗುತ್ತಾ?"

ಇನ್ಸ್‌ಪೆಕ್ಟರರು ಹುಡುಗನ ಮುಖವನ್ನೇ ನೋಡಿದರು. ಡಬ್ಬಿ ಬಾರದ ಆ ಮಧ್ಯಾಹ್ನ ಅವರಿಗೆ ಚೆನ್ನಾಗಿ ನೆನಪಿತ್ತು. ಹೊಟ್ಟೆ ಚುರುಗುಟ್ಟಿದ್ದು, ಮಗಳ ಮೇಲೆ ರೇಗಿದ್ದು, ಎಲ್ಲವೂ. ಈ ಮುಖ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

"ನಿನ್ನ ಗುರುತೇ ಸಿಗ್ತಿಲ್ಲವಲ್ಲೋ," ಎಂದರು ಮೆಲ್ಲಗೆ. "ಏನು ಕೇಳಿದ್ದೆ ಆವತ್ತು ನಿನ್ನನ್ನ?"

"ಹಿಟ್ಟು ಯಾರ ಅಂಗಡೀದು ಅಂತ. ಬಹಳ ಸಲ ಕೇಳಿದ್ರಿ."

"ನೀನು?"

"ನಿಜಾನೇ ಹೇಳಿದೆ ಸಾರ್. ನಂಬಲಿಲ್ಲ."

ಇನ್ಸ್‌ಪೆಕ್ಟರರು ಅಂಗಿ ಸರಿಮಾಡಿಕೊಂಡರು. ಮೇಲಿನವರ ಮುಂದೆ ನಿಲ್ಲುವಂತೆ ನೆಟ್ಟಗೆ ನಿಂತರು. "ತಪ್ಪಾಯ್ತಪ್ಪ. ನಂದು ತಪ್ಪಾಯ್ತು."

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ, ನಗು ಉಕ್ಕಿಯೇ ಬಿಟ್ಟಿತು. "ಇನ್ನೊಂದ್ಸಲ ಹೇಳ್ರೀ. ಮದುವೆಯಾದಾಗಿಂದ ಈ ಮಾತು ಕೇಳೋಕೆ ಕಾಯ್ತಿದ್ದೀನಿ." ಮಗಳು ನಕ್ಕಳು, ಹುಡುಗನ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬಹುದೋ ಬಾರದೋ ಎಂದು ಹುಡುಗ ಇನ್ಸ್‌ಪೆಕ್ಟರರ ಮುಖ ನೋಡಿದ. ಅವರೇ ನಗುತ್ತಿದ್ದರು.

"ಹಾಗಾದ್ರೆ ಮದುವೆ?" ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ.

"ಮಾಡೋಣ, ಜಾಮ್ ಜಾಮ್ ಅಂತ."

"ನಿಮಗೆ ರಜೆ ಸಿಗಬೇಕಲ್ಲಾ?" ಹೆಂಡತಿ ಕೆಣಕಿದಳು.

"ಸಿಗದಿದ್ರೆ ಠಾಣೆಯಲ್ಲೇ ಮಾಡಿಬಿಡಿ ಸಾರ್," ಎಂದಳು ಹುಡುಗನ ತಾಯಿ. "ನಮ್ಮ ಹುಡುಗನಿಗೆ ಜಾಗ ಹೊಸದೇನಲ್ಲ."

ಮತ್ತೆ ನಗೆಯ ಅಲೆ. ಟೀ ತರಲು ಹೊರಟ ಮಗಳನ್ನು ತಡೆದು ಇನ್ಸ್‌ಪೆಕ್ಟರರೇ ಅಡುಗೆಮನೆಗೆ ಹೋದರು. ತಟ್ಟೆ ಹಿಡಿದು ಬಂದವರ ಕೈಯಲ್ಲಿ ಕಪ್ಪುಗಳು ಗಲಗಲ ಎನ್ನುತ್ತಿದ್ದವು, ಅಭ್ಯಾಸವಿದ್ದರೆ ತಾನೆ. ಮೊದಲು ಹುಡುಗನ ಮುಂದೆ ಬಗ್ಗಿದರು. ಅವನು ಗಡಬಡಿಸಿ ಏಳಹೋದ. "ಕೂತ್ಕೋ," ಎಂದರು.

"ಸಕ್ಕರೆ ಒಂದು ಚಮಚ ಸಾಕೇನಪ್ಪ?"

"ಸಾಕು ಸಾರ್."

"ಎಲ್ಲಿ ಸಾಕು!" ಎಂದಳು ತಾಯಿ ಪಕ್ಕದಿಂದ. "ಮೂರು ಬೇಕು ಅವನಿಗೆ."

ಇನ್ಸ್‌ಪೆಕ್ಟರರು ಮಗನನ್ನು ನೋಡಿದರು, ತಾಯಿಯನ್ನು ನೋಡಿದರು. ಏನೂ ಕೇಳಲಿಲ್ಲ. ಇನ್ನೆರಡು ಚಮಚ ಸಕ್ಕರೆ ಸುರಿದು, ಪೂರ್ತಿ ಕರಗುವವರೆಗೆ ಬಗ್ಗಿಕೊಂಡೇ ನಿಧಾನವಾಗಿ ಕಲಕಿದರು.